ಗಂಜಾಂ: ನೋಡುವ ಮೊದಲೇ ಗೊತ್ತಿದ್ದ ಊರು

ಆಫೀಸಿನಲ್ಲಿ ಯಾರಿಗಾದರೂ ಮೊದಲ ಸಲ ಆನ್‌ಸೈಟ್ ಸಿಕ್ಕಾಗ ಗಮನಿಸಿ ನೋಡಿ. ವೀಸಾ ಕೈಗೆ ಬಂದ ದಿನದಿಂದಲೇ ಅವರು ಅರ್ಧ ಆ ದೇಶದಲ್ಲಿ ಇರುತ್ತಾರೆ. ರಾಜಧಾನಿಯಲ್ಲಿ ಯಾವ ಮೆಟ್ರೋ ಎಲ್ಲಿಗೆ ಹೋಗುತ್ತೆ, ಚಳಿ ಎಷ್ಟು ಡಿಗ್ರಿಗೆ ಇಳಿಯುತ್ತೆ, ಸೋನಾ ಮಸೂರಿ ಎಲ್ಲಿ ಸಿಗುತ್ತೆ, ಹೋಟೆಲಿನಲ್ಲಿ ಟಿಪ್ಸ್ ಕೊಡಬೇಕಾ ಬೇಡವಾ, ಎಲ್ಲ ಬಾಯಿಪಾಠ. ಏರ್‌ಪೋರ್ಟಿನಿಂದ ಗೆಸ್ಟ್‌ಹೌಸಿಗೆ ಹೋಗುವ ದಾರಿಯನ್ನು ಸ್ಟ್ರೀಟ್ ವ್ಯೂನಲ್ಲಿ ನಾಲ್ಕು ಸಲ ನಡೆದಿರುತ್ತಾರೆ. ಒಳ್ಳೆಯದೇ. ಗೊತ್ತಿಲ್ಲದ ಊರಿಗೆ ಕಣ್ಣು ಮುಚ್ಚಿಕೊಂಡು ಹೋಗು ಅಂತ ಯಾರೂ ಹೇಳಲ್ಲ.

ಆದರೆ ಈ ತಯಾರಿ ನಮ್ಮ ಕಾಲದಲ್ಲಿ ಹುಟ್ಟಿದ್ದಲ್ಲ. ಒಂದು ದೇಶವನ್ನು, ಅದರ ರಾಜಧಾನಿಯನ್ನು ಹೋಗುವ ಮೊದಲೇ ತಿಳಿದುಕೊಳ್ಳಲು ಜನ ಪಟ್ಟ ಪಾಡಿನ ಚರಿತ್ರೆಯನ್ನು ಓದಬೇಕಾದರೆ ಲಂಡನ್ನಿಗೋ ಪ್ಯಾರಿಸ್ಸಿಗೋ ಹೋಗಬೇಕಿಲ್ಲ. ಬೆಂಗಳೂರಿನಿಂದ ನೂರಿಪ್ಪತ್ತು ಚಿಲ್ಲರೆ ಕಿಲೋಮೀಟರ್ ಹೋದರೆ ಸಾಕು. ಶ್ರೀರಂಗಪಟ್ಟಣದಲ್ಲಿ ಇಳಿದು, ಕೋಟೆ ದಾಟಿ, ದರಿಯಾ ದೌಲತ್ ಎಡವಿಕೊಂಡು ಮುಂದೆ ಹೋದರೆ ಗಂಜಾಂ ಬರುತ್ತೆ.

ಬೆಂಗಳೂರಿನವರಿಗೆ ಗಂಜಾಂ ಅಂದರೆ ಒಡವೆ ಅಂಗಡಿಯ ಹೆಸರು. ಮಂಡ್ಯ, ಮೈಸೂರು ಕಡೆಯವರಿಗೆ ನಿಮಿಷಾಂಬ. ಉಳಿದವರಿಗೆ ಗುಂಬಜ್ ಮತ್ತು ಸಂಗಮದ ನಡುವೆ ಕಾರಿನ ಕಿಟಕಿಯಿಂದ ಕಾಣುವ ಬೀದಿ. ಕಾವೇರಿ ಎರಡು ಕವಲಾಗಿ ಹರಿದು ಮತ್ತೆ ಕೂಡುವ ದ್ವೀಪದಲ್ಲಿ ಪಶ್ಚಿಮದ ತುದಿಗೆ ಕೋಟೆ, ಪೂರ್ವಕ್ಕೆ ಗಂಜಾಂ. ಟಿಪ್ಪುವಿನ ಕಾಲದಲ್ಲಿ ಇದರ ಹೆಸರು ಶಹರ್ ಗಂಜಾಂ, ಅಂದರೆ ಕೋಟೆಯ ಹೊರಗಿನ ಪೇಟೆ. ಅದನ್ನು ತುಂಬಿಸಲು ಶಿರಾದಿಂದ 12 ಸಾವಿರ ಕುಟುಂಬಗಳನ್ನು ಎಬ್ಬಿಸಿ ತಂದು ಇಲ್ಲಿ ಕೂರಿಸಿದರು ಅನ್ನುತ್ತದೆ ಹಳೆಯ ಮೈಸೂರು ಗೆಜೆಟಿಯರ್. ಆ ಕುಟುಂಬಗಳಿಗೆ ಹೊಸ ಊರಿನ ಬಗ್ಗೆ ಮೊದಲೇ ಯಾರಾದರೂ ಏನಾದರೂ ಹೇಳಿದ್ದರಾ? ಯಾವ ಪುಸ್ತಕದಲ್ಲೂ ಆ ಪ್ರಶ್ನೆ ಇಲ್ಲ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ನಾನು ಹುಟ್ಟಿ ಬೆಳೆದದ್ದು ಪಾಂಡವಪುರದ ಕಡೆ ಹಳ್ಳಿ. ಹಳಬರು ಪಾಂಡವಪುರವನ್ನ ಹಿರೋಡೆ ಅಂತಿದ್ದರು. ಇಂಗ್ಲಿಷರ ನಕ್ಷೆಗಳಲ್ಲಿ ಅದೇ ಊರಿಗೆ ಮೂರನೇ ಹೆಸರು: ಫ್ರೆಂಚ್ ರಾಕ್ಸ್. ಹೈದರ್, ಟಿಪ್ಪು ಸೈನ್ಯದಲ್ಲಿದ್ದ ಫ್ರೆಂಚರು ಆ ಬಂಡೆಗಳ ಹತ್ತಿರ ಬೀಡು ಬಿಟ್ಟಿದ್ದರು ಅನ್ನೋ ಕಾರಣಕ್ಕೆ ಆ ಹೆಸರು. ಅಂದರೆ ಶ್ರೀರಂಗಪಟ್ಟಣದ ಅರಮನೆಗೆ ಫ್ರಾನ್ಸ್ ಅನ್ನೋ ದೇಶ ಮೊದಲು ಗೊತ್ತಾದದ್ದು ಪುಸ್ತಕದಿಂದಲ್ಲ, ಹಿತ್ತಲಿನಲ್ಲಿ ಡೇರೆ ಹಾಕಿಕೊಂಡಿದ್ದ ಫ್ರೆಂಚ್ ಸಿಪಾಯಿಗಳಿಂದ. ಸಂಬಳಕ್ಕೆ ದುಡಿಯುವ ಪರದೇಶದವನು ತನ್ನ ದೇಶದ ಬಗ್ಗೆ ಏನು ಹೇಳುತ್ತಾನೆ? ನಮ್ಮ ರಾಜ ದೊಡ್ಡವನು, ನಮ್ಮ ಸೈನ್ಯ ದೊಡ್ಡದು ಅಂತಲೇ ಅಲ್ವಾ.

ಟಿಪ್ಪು ಅಷ್ಟಕ್ಕೇ ಸುಮ್ಮನಾಗಲಿಲ್ಲ ಅನ್ನೋದು ಅವನ ದೊಡ್ಡ ಗುಣ. ಹೊರಗಿನ ಲೋಕವನ್ನು ಕೇಳಿ ತಿಳಿದುಕೊಳ್ಳುವ ಚಟ ಅವನಿಗಿತ್ತು. ಮಸ್ಕತ್‌ನಲ್ಲಿದ್ದ ತನ್ನ ಪ್ರತಿನಿಧಿಗೆ ಬರೆದ ಪತ್ರಗಳಲ್ಲಿ ರೇಷ್ಮೆ ಹುಳು ಕಳಿಸು, ಸಾಕುವ ವಿಧಾನ ತಿಳಿದವರನ್ನೂ ಜೊತೆಗೆ ಕಳಿಸು ಅಂತ ಕೇಳುತ್ತಾನೆ. ಬಂಗಾಳಕ್ಕೂ ಇದೇ ಕೆಲಸಕ್ಕೆ ಜನ ಹೋದರು. ರಾಮನಗರದ ಮಾರುಕಟ್ಟೆಯಲ್ಲಿ ಇವತ್ತು ಗೂಡು ಹರಾಜು ಕೂಗುವವರ ಕಸುಬಿನ ಹಿಂದೆ ಈ ಪತ್ರಗಳೂ ಇವೆ.

1786ರಲ್ಲಿ ಅವನು ಪಶ್ಚಿಮ ಕರಾವಳಿಯಿಂದ ನಾಲ್ಕು ಹಡಗುಗಳಲ್ಲಿ ದೂತರನ್ನು ಇಸ್ತಾನ್‌ಬುಲ್‌ಗೆ ಹೊರಡಿಸಿದ. ಮಸ್ಕತ್, ಬುಷೆಹರ್, ಬಸ್ರಾ ದಾರಿಯಲ್ಲಿ ಹೋದ ಆ ತಂಡದಲ್ಲಿ ಖ್ವಾಜಾ ಅಬ್ದುಲ್ ಖಾದಿರ್ ಅನ್ನೋ ಮುನ್ಷಿ ಇದ್ದ. ಕಂಡದ್ದನ್ನೆಲ್ಲ ಪರ್ಷಿಯನ್ ಭಾಷೆಯಲ್ಲಿ ದಿನಚರಿಯಾಗಿ ಬರೆದಿಟ್ಟ. ಆ ಪ್ರಯಾಣ ಸುಖದ್ದಾಗಿರಲಿಲ್ಲ. ಹಡಗುಗಳು ನಾಶವಾದವು, ರೋಗ ಬಿತ್ತು, ಹೊರಟ ನೂರಾರು ಜನರಲ್ಲಿ ವಾಪಸ್ ಬಂದವರು ಕಡಿಮೆ. ಇದೇ ತಂಡ ಇಸ್ತಾನ್‌ಬುಲ್‌ನಿಂದ ಮುಂದೆ ಪ್ಯಾರಿಸ್ಸಿಗೂ ಹೋಗಬೇಕು ಅನ್ನೋದು ಮೊದಲ ಲೆಕ್ಕ. ಅದು ತಡವಾಗುತ್ತೆ ಅಂತ ಕಂಡಾಗ ಟಿಪ್ಪು ಇನ್ನೊಂದು ತಂಡವನ್ನೇ ಕಳಿಸಿದ. ಮೊಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮೊಹಮ್ಮದ್ ಉಸ್ಮಾನ್ ಖಾನ್ ಮೂವರೂ 1787ರ ಜುಲೈನಲ್ಲಿ ಪಾಂಡಿಚೇರಿಯಲ್ಲಿ ಹಡಗು ಹತ್ತಿದರು. 1788ರ ಜೂನ್‌ನಲ್ಲಿ ಫ್ರಾನ್ಸಿನ ತೂಲಾನ್ ಬಂದರಿನಲ್ಲಿ ಇಳಿದರು. ಹತ್ತಿರ ಹತ್ತಿರ ಹನ್ನೊಂದು ತಿಂಗಳ ಪ್ರಯಾಣ.

ಕೇಳಿಬರಬೇಕಾದದ್ದು ಮುಖ್ಯವಾಗಿ ಎರಡು. ಇಂಗ್ಲಿಷರ ವಿರುದ್ಧ ಸೈನ್ಯ ಕೊಡುತ್ತೀರಾ? ಕುಶಲಕರ್ಮಿಗಳನ್ನು ಕಳಿಸುತ್ತೀರಾ? ಮೊದಲ ಪ್ರಶ್ನೆಗೆ ಕಾರಣವೂ ಇತ್ತು. 1783ರಲ್ಲಿ ಟಿಪ್ಪು ಮಂಗಳೂರಿನಲ್ಲಿ ಯುದ್ಧದ ನಡುವೆ ಇದ್ದಾಗಲೇ ಯುರೋಪಿನಲ್ಲಿ ಫ್ರೆಂಚರೂ ಇಂಗ್ಲಿಷರೂ ರಾಜಿಯಾಗಿ, ಇಲ್ಲಿದ್ದ ಫ್ರೆಂಚರು ಕೈ ಬಿಟ್ಟು ನಿಂತಿದ್ದರು. ಈ ಸಲ ರಾಜನ ಬಾಯಿಂದಲೇ ಮಾತು ಬೇಕಿತ್ತು.

ಪ್ಯಾರಿಸ್ ಇವರನ್ನು ನೋಡಲು ಮುಗಿಬಿತ್ತು. ಆ ಕಾಲದ ದೊಡ್ಡ ಚಿತ್ರಕಾರ್ತಿ ಎಲಿಸಬೆತ್ ವಿಜೆ ಲಬ್ರ್ಯಾನ್ ದರ್ವೇಶ್ ಖಾನನನ್ನು ನಿಲ್ಲಿಸಿ ಆಳೆತ್ತರದ ಚಿತ್ರ ಬರೆದಳು. ಬಿಳಿ ಉಡುಪು, ಕೈಯಲ್ಲಿ ಕತ್ತಿ. 2019ರಲ್ಲಿ ಆ ಚಿತ್ರ ಹರಾಜಿನಲ್ಲಿ 70 ಲಕ್ಷ ಡಾಲರ್ ದಾಟಿತು. 1788ರ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೇ ಲೂಯಿ ಈ ದೂತರಿಗೆ ದರ್ಶನ ಕೊಟ್ಟ. ವೈಭವಕ್ಕೆ ಕೊರತೆ ಇರಲಿಲ್ಲ. ಸೆವ್ರ್ ಕಾರ್ಖಾನೆಯ ಪಿಂಗಾಣಿ ಉಡುಗೊರೆ, ಕುಶಲಕರ್ಮಿಗಳನ್ನು ಕಳಿಸುವ ಒಪ್ಪಿಗೆ, ಎಲ್ಲ ಸಿಕ್ಕಿತು. ಸೈನ್ಯ ಮಾತ್ರ ಸಿಗಲಿಲ್ಲ.

ಈಗ ಕ್ಯಾಲೆಂಡರ್ ನೋಡಿ. ದರ್ಶನಕ್ಕೆ ಎರಡು ದಿನ ಮುಂಚೆ, ಆಗಸ್ಟ್ 8ರಂದು, ಫ್ರಾನ್ಸಿನ ಸರ್ಕಾರ ಬೇರೆ ದಾರಿ ಕಾಣದೆ ಮಹಾಸಭೆ ಕರೆಯುತ್ತೇವೆ ಅಂತ ಘೋಷಿಸಿತ್ತು. ಕ್ರಾಂತಿ ಶುರುವಾಗುವುದು ಅದೇ ಸಭೆಯಿಂದ. ದರ್ಶನವಾಗಿ ಆರು ದಿನಕ್ಕೆ, ಆಗಸ್ಟ್ 16ರಂದು, ಖಜಾನೆ ಸಾಲದ ಪಾವತಿಯನ್ನೇ ನಿಲ್ಲಿಸಿತು. ಸಾವಿರಾರು ಮೈಲಿ ದೂರದಲ್ಲಿ ಸೈನ್ಯ ಕೊಡುತ್ತಾನೆ ಅಂತ ನಂಬಿ ಬಂದಿದ್ದ ರಾಜನ ಕೈಯಲ್ಲಿ ಸಾಲಗಾರರಿಗೆ ಕೊಡೋಕೂ ದುಡ್ಡಿರಲಿಲ್ಲ. ದೂತರು ವಾಪಸ್ ಬಂದ ವರ್ಷವೇ, 1789ರ ಜುಲೈ 14ರಂದು, ಬಾಸ್ಟೀಲ್ ಬಿತ್ತು. 1793ರ ಜನವರಿಯಲ್ಲಿ ರಾಜನ ತಲೆಯೇ ಹೋಯಿತು.

ದೂತರು ದಡ್ಡರು ಅಂತ ನಾನು ಹೇಳ್ತಿಲ್ಲ. ಅವರಿಗೆ ಕೊಟ್ಟು ಕಳಿಸಿದ ಪ್ರಶ್ನೆಪತ್ರಿಕೆಯಲ್ಲಿ ‘ಈ ರಾಜನ ಸಾಲ ಎಷ್ಟು?’ ಅನ್ನೋ ಪ್ರಶ್ನೆ ಇರಲಿಲ್ಲ, ಅಷ್ಟೇ. ಇನ್ನೊಂದು ದೇಶಕ್ಕೆ ಹೋಗುವಾಗ ನಾವು ಕಟ್ಟಿಕೊಂಡು ಹೋಗುವ ಬುತ್ತಿ ಅಂದರೆ ನಮ್ಮ ಪ್ರಶ್ನೆಗಳು. ಆ ಪ್ರಶ್ನೆ ಎಷ್ಟಗಲ ಇದೆಯೋ ಅಷ್ಟೇ ಅಗಲ ಊರು ಕಾಣೋದು.

ಇದೇ ಮಾತು ಎದುರು ಪಕ್ಷಕ್ಕೂ ಅನ್ವಯಿಸುತ್ತೆ. ಶ್ರೀರಂಗಪಟ್ಟಣ ಪ್ಯಾರಿಸ್ಸನ್ನು ತಿಳಿಯಲು ಒದ್ದಾಡುತ್ತಿದ್ದ ಕಾಲದಲ್ಲೇ ಇಂಗ್ಲಿಷರು ಶ್ರೀರಂಗಪಟ್ಟಣವನ್ನು ತಿಳಿಯಲು ಒದ್ದಾಡುತ್ತಿದ್ದರು. ಅವರ ಮೊದಲ ಮಾಹಿತಿದಾರರು ಕೈದಿಗಳು. 1780ರ ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ಹೈದರ್ ಕೈಗೆ ಸಿಕ್ಕಿಬಿದ್ದು, ಬದುಕುಳಿದವರಲ್ಲಿ ಅನೇಕರು ಶ್ರೀರಂಗಪಟ್ಟಣದ ಸೆರೆಮನೆ ಸೇರಿದರು. ಬೈಲಿ 1782ರಲ್ಲಿ ಅಲ್ಲೇ ತೀರಿಕೊಂಡ. ಉಳಿದವರು 1784ರಲ್ಲಿ ಬಿಡುಗಡೆಯಾಗಿ ಹೋಗಿ ಹೇಳಿದ, ಬರೆದ ಕಥೆಗಳಿಂದ ಲಂಡನ್ನಿನವರ ತಲೆಯಲ್ಲಿ ಈ ಊರಿನ ಚಿತ್ರ ಮೂಡಿತು. ಕತ್ತಲಕೋಣೆಯ ಕಿಂಡಿಯಿಂದ ಕಂಡ ರಾಜಧಾನಿ ಅದು.

ಇನ್ನೊಂದು ಮೂಲ ನಕ್ಷೆ. ಆ ಕಾಲದ ಹೆಸರಾಂತ ನಕ್ಷೆಗಾರ ಜೇಮ್ಸ್ ರೆನೆಲ್ ಬಂಗಾಳವನ್ನು ಅಳೆದವನು. 1777ರಲ್ಲೇ ಭಾರತ ಬಿಟ್ಟು ಹೋಗಿದ್ದ, ಮೈಸೂರು ಸೀಮೆಗೆ ಕಾಲಿಟ್ಟವನೇ ಅಲ್ಲ. ಲಂಡನ್ನಿನಲ್ಲಿ ಕೂತು, ಸೈನ್ಯ ನಡೆದ ದಾರಿಗಳ ಟಿಪ್ಪಣಿಗಳನ್ನು ಜೋಡಿಸಿ ದಕ್ಷಿಣ ಭಾರತದ ನಕ್ಷೆ ಮಾಡಿದ. ಇವತ್ತು ಬೆಂಗಳೂರಿನಲ್ಲಿ ಕೂತು ನಮ್ಮ ಹುಡುಗರು ಜಗತ್ತಿನ ಯಾವುದೋ ನಗರದ ರಸ್ತೆಗಳನ್ನು ಮ್ಯಾಪಿನಲ್ಲಿ ತಿದ್ದುತ್ತಾರಲ್ಲ, ಅದರ ಮುತ್ತಜ್ಜ ಅನ್ನಬಹುದು.

ಇಂಥ ಮಾಹಿತಿ ಎಲ್ಲಿವರೆಗೆ ಕೈ ಹಿಡಿಯುತ್ತೆ ಅನ್ನೋದು 1791ರ ಮೇ ತಿಂಗಳಲ್ಲಿ ಗೊತ್ತಾಯಿತು. ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದು, ಕನಕಪುರದ ದಾರಿಯಲ್ಲಿ ರಾಜಧಾನಿಯ ಕಡೆ ಹೊರಟ. ದಾರಿ ಗೊತ್ತಿತ್ತು. ಆದರೆ ಟಿಪ್ಪು ಆ ದಾರಿಯ ಹಳ್ಳಿಗಳ ಮೇವು, ದವಸ ಎಲ್ಲ ಸುಡಿಸಿ, ಜನರನ್ನೂ ದನಗಳನ್ನೂ ದೂರ ಅಟ್ಟಿಸಿದ್ದ. ಮೇ 15ರಂದು ಅರಕೆರೆಯ ಹತ್ತಿರ ಯುದ್ಧವಾಗಿ ಕಾರ್ನ್‌ವಾಲಿಸ್ ಗೆದ್ದ. ಗೆದ್ದು ಏನು ಬಂತು? ಎದುರಿಗೆ ಕೋಟೆ ಕಾಣುತ್ತಿದೆ, ನಡುವೆ ಕಾವೇರಿ ಏರುತ್ತಿದೆ. ಫಿರಂಗಿ ಎಳೆಯಬೇಕಾದ ಎತ್ತುಗಳು ಹೊಟ್ಟೆಗಿಲ್ಲದೆ ಸಾವಿರ ಲೆಕ್ಕದಲ್ಲಿ ಸತ್ತವು. ಕಣ್ಣಂಬಾಡಿಯವರೆಗೆ ಸಿಪಾಯಿಗಳೇ ಕೈಯಿಂದ ಫಿರಂಗಿ ಎಳೆದರು. ಕೊನೆಗೆ ಅಲ್ಲೇ, ಇವತ್ತು ನಾವು ಕೆಆರ್‌ಎಸ್ ಅನ್ನೋ ಜಾಗದ ಆಸುಪಾಸಿನಲ್ಲಿ, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಹಾಕಿ ವಾಪಸ್ ಹೊರಟ.

ಅದಾಗಿ ಕೆಲವೇ ದಿನಕ್ಕೆ ಮೇಲುಕೋಟೆಯ ಕಡೆ ಹೋಗುವಾಗ ಎದುರಿಗೆ ಕುದುರೆ ಸವಾರರು ಬಂದರು. ಶತ್ರುಗಳು ಅಂದುಕೊಂಡು ಗುಂಡು ಹಾರಿಸೋಕೆ ತಯಾರಾದರೆ, ಅವರು ಕಾರ್ನ್‌ವಾಲಿಸ್ ಕಾಯುತ್ತಿದ್ದ ಮರಾಠಾ ಸೈನ್ಯದವರು! ಬೇಕಾದಷ್ಟು ದವಸ, ಎತ್ತು ಎಲ್ಲ ಅವರ ಹತ್ತಿರ ಇತ್ತು. ಅಷ್ಟು ಹತ್ತಿರ ಬಂದಿದ್ದರೂ ಒಂದು ಚೀಟಿಯೂ ತಲುಪಿರಲಿಲ್ಲ, ಯಾಕೆಂದರೆ ನಡುವೆ ಓಡಾಡುವ ಹರಿಕಾರರನ್ನೆಲ್ಲ ಟಿಪ್ಪುವಿನ ಕುದುರೆ ದಂಡು ಹಿಡಿದು ಹಾಕುತ್ತಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಮ್ಯಾಪ್ ಇತ್ತು, ನೆಟ್‌ವರ್ಕ್ ಇರಲಿಲ್ಲ.

ಕಾರ್ನ್‌ವಾಲಿಸ್ ಮುಂದಿನ ಸಲ ಬಂದಾಗ ನಕ್ಷೆ ದೊಡ್ಡದಾಗಿ ಬದಲಾಗಿರಲಿಲ್ಲ, ಕೇಳಿದ ಪ್ರಶ್ನೆ ಬದಲಾಗಿತ್ತು. ಈ ಸೀಮೆಯಲ್ಲಿ ದವಸ ಹೊರುವವರು ಯಾರು? ಲಂಬಾಣಿಗಳು. ಯುದ್ಧ ಎಲ್ಲೇ ನಡೆಯಲಿ, ಎತ್ತಿನ ಹಿಂಡಿನ ಮೇಲೆ ಧಾನ್ಯ ಹೇರಿಕೊಂಡು ಹೋಗಿ ಮಾರುವ ಆ ಜನರನ್ನು ಇಂಗ್ಲಿಷರು ತಮ್ಮ ಕಡೆ ಮಾಡಿಕೊಂಡರು. ಹೊಳೆ ಯಾವಾಗ ಇಳಿದಿರುತ್ತೆ? ಫೆಬ್ರವರಿಯಲ್ಲಿ. 1792ರ ಫೆಬ್ರವರಿ 6ರ ರಾತ್ರಿ ಮೂರು ದಳವಾಗಿ ನುಗ್ಗಿ ಹೊಳೆ ದಾಟಿದರು. ದ್ವೀಪದ ಪೂರ್ವಭಾಗ, ಅಂದರೆ ಶಹರ್ ಗಂಜಾಂ ಮತ್ತು ಲಾಲ್‌ಬಾಗ್ ತೋಟ, ಅವರ ಕೈಗೆ ಬಂತು. ತೋಟದ ಮರಗಳನ್ನು ಕಡಿದು ಮುತ್ತಿಗೆಯ ಕೆಲಸಕ್ಕೆ ಕೊಂಬೆಕಟ್ಟು ಹೆಣೆದರು, ಅಲ್ಲಿದ್ದ ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ಮಾರ್ಚ್‌ನಲ್ಲಿ ಒಪ್ಪಂದವಾದಾಗ ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಮತ್ತು ಒತ್ತೆಯಾಗಿ ಇಬ್ಬರು ಮಕ್ಕಳನ್ನು ಕೊಡಬೇಕಾಯಿತು. 1799ರಲ್ಲಿ ಮೂರನೇ ಸಲ ಬಂದವರು ಮಳೆ ಶುರುವಾಗುವ ಮುಂಚೆಯೇ, ಮೇ 4ರ ಮಧ್ಯಾಹ್ನ, ಹೊಳೆ ದಾಟಿ ಕೋಟೆಯೊಳಗೆ ನುಗ್ಗಿದರು. ನುಗ್ಗಿದವರ ಮುಂದಾಳು ಡೇವಿಡ್ ಬೇರ್ಡ್, ಇದೇ ಊರಿನ ಸೆರೆಯಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಇದ್ದವನು.

ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣ ಲಂಡನ್ನಿನಲ್ಲಿ ಇನ್ನೊಂದು ಥರ ಹುಟ್ಟಿತು. 1800ರಲ್ಲಿ ರಾಬರ್ಟ್ ಕೆರ್ ಪೋರ್ಟರ್ ಅನ್ನೋ ಯುವ ಚಿತ್ರಕಾರ ಕೋಟೆ ಹಿಡಿದ ದೃಶ್ಯವನ್ನು ನೂರು ಅಡಿಗೂ ಉದ್ದದ ಪರದೆಯ ಮೇಲೆ ಬರೆದು ಪ್ರದರ್ಶನಕ್ಕಿಟ್ಟ. ಅವನು ಇಲ್ಲಿಗೆ ಬಂದವನೇ ಅಲ್ಲ. ಜನ ದುಡ್ಡು ಕೊಟ್ಟು ನೋಡಿದರು. ಸರ್ಕಸ್ ಕಂಪನಿಗಳು ಟಿಪ್ಪುವಿನ ಕಥೆಯನ್ನು ಕುದುರೆ ಆಟವಾಗಿ ಆಡಿಸಿದವು. ಇಂಗ್ಲಿಷಿನ ಆರಂಭದ ಪತ್ತೇದಾರಿ ಕಾದಂಬರಿಗಳಲ್ಲಿ ಹೆಸರಾದ ‘ದಿ ಮೂನ್‌ಸ್ಟೋನ್’, 1868ರಲ್ಲಿ ಬಂದದ್ದು, ಶುರುವಾಗುವುದೇ ಶ್ರೀರಂಗಪಟ್ಟಣದ ಲೂಟಿಯಿಂದ. ಅದರ ಲೇಖಕ ವಿಲ್ಕಿ ಕಾಲಿನ್ಸ್ ಕೂಡ ಭಾರತ ನೋಡಿರಲಿಲ್ಲ. ಹೀಗೆ ಲಂಡನ್ನಿನ ಒಬ್ಬ ಅಂಗಡಿಯವನಿಗೆ ಟಿಪ್ಪು ಎಲ್ಲಿ ಬಿದ್ದ ಅನ್ನೋದು ಗೊತ್ತಿತ್ತು, ಆ ಊರಿನ ಜನ ಏನು ಉಣ್ಣುತ್ತಾರೆ ಅನ್ನೋದು ಗೊತ್ತಿರಲಿಲ್ಲ.

ಅದನ್ನು ತಿಳಿಯಲು ಬಂದವನು ಫ್ರಾನ್ಸಿಸ್ ಬುಕಾನನ್. ವೃತ್ತಿಯಿಂದ ವೈದ್ಯ, ಸ್ಕಾಟ್ಲೆಂಡಿನವನು. ಗವರ್ನರ್ ಜನರಲ್ ವೆಲ್ಲೆಸ್ಲಿ ಅವನ ಕೈಗೆ ಉದ್ದದ ಪಟ್ಟಿ ಕೊಟ್ಟಿದ್ದ: ಬೇಸಾಯ ಹೇಗೆ, ಹತ್ತಿ ಎಷ್ಟು, ಮೆಣಸು ಎಲ್ಲಿ, ಶ್ರೀಗಂಧ, ಏಲಕ್ಕಿ, ಗಣಿ, ನೇಯ್ಗೆ. ಬುಕಾನನ್ 1800ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟು, ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ತಲುಪಿದ. ದುಭಾಷಿಗಳನ್ನು ಜೊತೆಗಿಟ್ಟುಕೊಂಡು ರೈತ, ನೇಕಾರ, ಕಮ್ಮಾರ, ಎಣ್ಣೆ ಗಾಣದವನು, ಎಲ್ಲರನ್ನೂ ಕೂರಿಸಿ ಕೇಳಿದ. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪುಸ್ತಕ ಇವತ್ತಿಗೂ ಹಳೇ ಮೈಸೂರಿನ ಬದುಕಿನ ಬಗ್ಗೆ ದೊಡ್ಡ ಆಕರ.

ಅದರಲ್ಲಿ ಗಂಜಾಂ ಅಂಕಿಯಾಗಿ ಬರುತ್ತೆ. ಕೋಟೆಯೊಳಗೆ 4,163 ಮನೆ, ಶಹರ್ ಗಂಜಾಂನಲ್ಲಿ 2,216 ಮನೆ. ಎರಡೂ ಸೇರಿ 6,379. ಮನೆಗೆ ಐದು ಜನ ಅಂತ ಹಿಡಿದರೆ ದ್ವೀಪದ ಜನಸಂಖ್ಯೆ 31,895. ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷವಾದರೂ ಇದ್ದಿರಬೇಕು ಅಂತ ಅವನದೇ ಅಂದಾಜು. ಅಂದರೆ ರಾಜಧಾನಿ ಮೈಸೂರಿಗೆ ಹೋದ ಒಂದೇ ವರ್ಷದಲ್ಲಿ ಐದರಲ್ಲಿ ನಾಲ್ಕು ಪಾಲು ಜನ ಇಲ್ಲಿಂದ ಎದ್ದು ಹೋಗಿದ್ದರು. ಎಕ್ಸೆಲ್ ಶೀಟಿನ ಒಂದು ಸಾಲಿನಂತೆ ಕಾಣುವ ಈ ಲೆಕ್ಕದ ಹಿಂದೆ ಶಿರಾದಿಂದ ತಂದು ಕೂರಿಸಿದ ಕುಟುಂಬಗಳೂ ಇದ್ದಿರಬೇಕಲ್ಲ. ಮೊದಲು ಎಬ್ಬಿಸಿದವರು ಯಾರು, ಈಗ ಎದ್ದು ಎಲ್ಲಿಗೆ ಹೋದರು, ಪುಸ್ತಕ ಹೇಳಲ್ಲ. ಬುಕಾನನ್‌ಗೆ ಕೊಟ್ಟ ಪಟ್ಟಿಯಲ್ಲಿ ಆ ಪ್ರಶ್ನೆ ಇರಲಿಲ್ಲ.

ಈಗ ಕೊನೆಯವನು, ನನ್ನ ಪ್ರಕಾರ ಎಲ್ಲರಿಗಿಂತ ಸ್ವಾರಸ್ಯದವನು. ಗಂಜಾಂನಲ್ಲಿ ಒಂದು ಹಳೆಯ ಚರ್ಚ್ ಇದೆ. ಟೂರಿಸ್ಟ್ ಬಸ್ಸುಗಳು ಸಾಮಾನ್ಯವಾಗಿ ನಿಲ್ಲಲ್ಲ. ಅದನ್ನು ಕಟ್ಟಿಸಿದವನು ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ. ನಮ್ಮ ಕಡೆ ದುಬಾಯ್ ಅಂತಾರೆ. ಟಿಪ್ಪುವಿನ ದೂತರು ಕಾಣದೆ ಹೋದ ಫ್ರೆಂಚ್ ಕ್ರಾಂತಿಯ ಕಾಲದಲ್ಲೇ ಫ್ರಾನ್ಸ್ ಬಿಟ್ಟು 1792ರಲ್ಲಿ ಪಾಂಡಿಚೇರಿಗೆ ಬಂದ. 1799ರ ನಂತರ ಶ್ರೀರಂಗಪಟ್ಟಣಕ್ಕೆ ಬಂದು, ಮೈಸೂರು ಸೀಮೆಯಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಓಡಾಡಿದ. ಇಲ್ಲಿನವರಂತೆ ಉಟ್ಟ, ಪೇಟ ಸುತ್ತಿದ, ಇಲ್ಲಿನವರ ಊಟ ಉಂಡ. ಜನ ಅವನನ್ನು ದೊಡ್ಡ ಸ್ವಾಮಿಯವರು ಅಂತ ಕರೆಯುತ್ತಿದ್ದರು. ಸಿಡುಬಿನ ವಿರುದ್ಧ ಹೊಸದಾಗಿ ಬಂದಿದ್ದ ಲಸಿಕೆಯನ್ನು ಹಳ್ಳಿ ಹಳ್ಳಿಗೆ ಒಯ್ದ. 1803-04ರಲ್ಲಿ ಅವನ ಮೇಲ್ವಿಚಾರಣೆಯಲ್ಲಿ ಲಸಿಕೆ ಹಾಕಿಸಿಕೊಂಡವರು 25 ಸಾವಿರಕ್ಕೂ ಹೆಚ್ಚು.

ಅವನು ಒಂದು ಹಸ್ತಪ್ರತಿಯನ್ನೂ ಸಿದ್ಧಮಾಡಿದ. ಭಾರತದ ಜನರ ಆಚಾರ, ನಡೆ, ಜಾತಿ, ಮದುವೆ, ಮಡಿಗಳ ಬಗ್ಗೆ. ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಅದನ್ನು ನೋಡಿ ಮೆಚ್ಚಿ ಮದ್ರಾಸಿಗೆ ಕಳಿಸಿದ. ಅಲ್ಲಿನ ಗವರ್ನರ್ ಬೆಂಟಿಂಕ್ ಕೂಡ ಮೆಚ್ಚಿದ. ನಮ್ಮ ಅಧಿಕಾರಿಗಳಿಗೆ ಈ ದೇಶದ ಜನರ ಬಗ್ಗೆ ಏನೂ ಗೊತ್ತಿಲ್ಲ, ಇದು ಉಪಯೋಗಕ್ಕೆ ಬರುತ್ತೆ ಅನ್ನೋದು ಅವನ ವಾದ. 1807ರಲ್ಲಿ ಕಂಪನಿ 2,000 ಸ್ಟಾರ್ ಪಗೋಡ ಕೊಟ್ಟು ಹಸ್ತಪ್ರತಿ ಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಅನುವಾದ ಅಚ್ಚಾಯಿತು. ಅಷ್ಟರಲ್ಲಿ ದುಬ್ವಾ ತನ್ನ ಪ್ರತಿಯನ್ನು ತಿದ್ದಿ, ಬೆಳೆಸಿ ಮದ್ರಾಸಿಗೆ ಕೊಟ್ಟಿದ್ದ. ಅಚ್ಚಾದದ್ದು ಮಾತ್ರ ಹಳೆಯದೇ. ತಿದ್ದಿದ ಪ್ರತಿ ಮದ್ರಾಸಿನ ದಫ್ತರದಲ್ಲಿ ಎಂಬತ್ತು ವರ್ಷ ಮಲಗಿದ್ದು, ಬೋಷಾಂ ಅನ್ನುವವನು ಅನುವಾದಿಸಿ 1897ರಲ್ಲಿ ಹೊರಗೆ ಬಂತು. ವರ್ಷನ್ ಒಂದು ರಿಲೀಸ್ ಆಗಿ, ವರ್ಷನ್ ಎರಡು ಯಾರದೋ ಫೋಲ್ಡರಿನಲ್ಲಿ ಕೊಳೆಯೋದು ನಮ್ಮ ಇಂಡಸ್ಟ್ರಿಯ ಕಾಯಿಲೆ ಅಂದುಕೊಂಡಿದ್ದವರಿಗೆ ಇದು ಸಮಾಧಾನ ಕೊಡಬಹುದು.

ಆ ಪುಸ್ತಕ ಎಷ್ಟೋ ಕಾಲ ಭಾರತಕ್ಕೆ ಹಡಗು ಹತ್ತುವ ಇಂಗ್ಲಿಷ್ ಅಧಿಕಾರಿಗಳ ಕೈಪಿಡಿಯಾಗಿತ್ತು. ಬಂದರಿನಲ್ಲಿ ಕಾಲಿಡುವ ಮೊದಲೇ ಅವರಿಗೆ ‘ಹಿಂದೂಗಳು ಹೀಗೆ’ ಅಂತ ಗೊತ್ತಿತ್ತು. ಕಥೆ ಇಲ್ಲಿಗೆ ಮುಗಿದಿದ್ದರೂ ಸಾಕಿತ್ತು. ಆದರೆ 1987ರಲ್ಲಿ ಸಿಲ್ವಿಯಾ ಮ್ಯೂರ್ ಅನ್ನುವ ಫ್ರೆಂಚ್ ವಿದ್ವಾಂಸೆ ಇನ್ನೊಂದು ಸಂಗತಿ ತೋರಿಸಿದರು. ದುಬ್ವಾನ ಪುಸ್ತಕದ ದೊಡ್ಡ ಭಾಗ ಅವನದಲ್ಲ. ಅವನು ಭಾರತಕ್ಕೆ ಬರುವ ಮೊದಲೇ, 1779ರಲ್ಲಿ, ಪಾಂಡಿಚೇರಿಯಲ್ಲಿ ತೀರಿಕೊಂಡಿದ್ದ ಜೆಸ್ಯೂಟ್ ಪಾದ್ರಿ ಕೊರ್ದು ಬರೆದಿಟ್ಟಿದ್ದ ಹಸ್ತಪ್ರತಿಯಿಂದ ಎತ್ತಿಕೊಂಡದ್ದು. ಕೊರ್ದು ಬಾಳಿದ್ದು ತೆಲುಗು ಸೀಮೆಯಲ್ಲಿ ಮತ್ತು ಪಾಂಡಿಚೇರಿಯಲ್ಲಿ, ಹೆಸರು ಮಾಡಿದ್ದು ತೆಲುಗು ಮತ್ತು ಸಂಸ್ಕೃತದ ಪಂಡಿತನಾಗಿ.

ಅಂದರೆ ಏನಾಯಿತು ನೋಡಿ. ಮೈಸೂರಿಗೆ ಬರುವ ಇಂಗ್ಲಿಷ್ ಹುಡುಗ ಹಡಗಿನಲ್ಲಿ ಕೂತು ಓದುತ್ತಿದ್ದದ್ದು, ಒಬ್ಬ ಫ್ರೆಂಚನು ತನಗಿಂತ ಒಂದು ತಲೆಮಾರು ಹಿಂದಿನ ಇನ್ನೊಬ್ಬ ಫ್ರೆಂಚನಿಂದ ಬಹುಪಾಲು ಎತ್ತಿ ಬರೆದ, ತೆಲುಗು, ತಮಿಳು ನಾಡಿನ ಟಿಪ್ಪಣಿಗಳ ಇಂಗ್ಲಿಷ್ ಅನುವಾದ, ಅದೂ ಹಳೆಯ ಪ್ರತಿಯ ಅನುವಾದ. ಅದನ್ನು ಇಟ್ಟುಕೊಂಡು ಬಂದು ಅವನು ಯಾವುದೋ ಕೆ.ಆರ್. ಪೇಟೆಯದೋ ನಾಗಮಂಗಲದ್ದೋ ಜಮೀನು ಜಗಳ ತೀರ್ಮಾನ ಮಾಡಬೇಕು!

ನನ್ನನ್ನು ಹೆಚ್ಚು ಕಾಡೋದು ಕಳ್ಳತನವಲ್ಲ. ದುಬ್ವಾನಿಗೆ ಕಣ್ಣೆದುರಿಗೇ ಗಂಜಾಂ ಇತ್ತು. ಖಾಲಿಯಾಗುತ್ತಿದ್ದ ಪೇಟೆ, ಯುದ್ಧ ಕಳೆದುಕೊಂಡ ಮನೆಗಳು, ಕೈ ಚಾಚಿ ಲಸಿಕೆ ಹಾಕಿಸಿಕೊಂಡ ಸಾವಿರಾರು ಜನ. ಅವರನ್ನು ಅವನಷ್ಟು ಹತ್ತಿರದಿಂದ ಕಂಡ ಯುರೋಪಿನವರು ವಿರಳ. ಆದರೆ ಕಂಪನಿ ಕೊಳ್ಳುತ್ತಿದ್ದದ್ದು ‘ಹಿಂದೂಗಳು ಅಂದರೆ ಹೀಗೆ’ ಅನ್ನುವ ನಿಯಮದ ಪುಸ್ತಕ, ‘ಗಂಜಾಂನ ಇಂಥ ಮನೆಯಲ್ಲಿ ಹೀಗಾಯಿತು’ ಅನ್ನುವ ಪುಸ್ತಕವಲ್ಲ. ಕೊಳ್ಳುವವನಿಗೆ ಬೇಕಾದದ್ದನ್ನೇ ಅವನು ಹೆಚ್ಚಾಗಿ ಕೊಟ್ಟ. 1823ರಲ್ಲಿ ಫ್ರಾನ್ಸಿಗೆ ಮರಳಿದ ವರ್ಷ ಅಚ್ಚಾದ ಪತ್ರಗಳಲ್ಲಿ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡೋದು ಆಗದ ಕೆಲಸ ಅಂತ ಪಾದ್ರಿಯಾಗಿದ್ದುಕೊಂಡೇ ಬರೆದ. ಅದು ಯಾರ ಹಸ್ತಪ್ರತಿಯಿಂದಲೂ ಬಂದ ಮಾತಲ್ಲ. ಮೂವತ್ತು ವರ್ಷ ಇಲ್ಲಿದ್ದು ಕಂಡುಕೊಂಡದ್ದು.

ಇದರಲ್ಲಿ ನಮ್ಮಂಥವರಿಗೆ ಒಂದು ಹತ್ತಿರದ ಸಂಕಟವೂ ಇದೆ. ಹಳ್ಳಿಯಿಂದ ಬಂದು ಬೆಂಗಳೂರಿನಲ್ಲಿ ಕೆಲಸ ಮಾಡುವ ನಾವು ಯಾವಾಗಲೋ ಒಂದು ಸಂಜೆ ನಮ್ಮೂರ ಚರಿತ್ರೆ ಹುಡುಕಲು ಕೂರುತ್ತೇವೆ. ಶಾಸನ ಸಿಕ್ಕರೆ ಅದೃಷ್ಟ. ಇಲ್ಲದಿದ್ದರೆ ಸಿಗೋದು ಬುಕಾನನ್, ರೈಸ್, ಗೆಜೆಟಿಯರ್: ಮನೆ ಇಷ್ಟು, ನೇಗಿಲು ಇಷ್ಟು, ಕಂದಾಯ ಇಷ್ಟು. ನಮ್ಮ ಮುತ್ತಜ್ಜಿಯ ಹೆಸರು ಅಲ್ಲಿರಲ್ಲ. ಹೊರಗಿನವನು ಬರುವ ಮುನ್ನ ತಿಳಿದುಕೊಳ್ಳಲಿ ಅಂತ ಬರೆದ ಪುಸ್ತಕದಿಂದಲೇ ನಾವೂ ನಮ್ಮ ಊರನ್ನು ತಿಳಿಯಬೇಕಾಗಿದೆ. ಹಾಗಂತ ಅದನ್ನು ಬಿಸಾಕೋಕೆ ಆಗಲ್ಲ. 2,216 ಅನ್ನೋ ಅಂಕಿ ಇಲ್ಲದಿದ್ದರೆ ಗಂಜಾಂ ಒಂದು ಕಾಲಕ್ಕೆ ಅಷ್ಟು ಖಾಲಿಯಾಗಿತ್ತು ಅನ್ನೋದೇ ನಮಗೆ ಗೊತ್ತಾಗ್ತಿರಲಿಲ್ಲ. ಓದುವಾಗ ಜೊತೆಗೆ ಎರಡು ಪ್ರಶ್ನೆ ಇಟ್ಟುಕೊಂಡರೆ ಸಾಕು: ಇದನ್ನು ಯಾರು, ಯಾರಿಗೋಸ್ಕರ ಬರೆದರು? ಅವರು ಏನನ್ನು ಕೇಳಲೇ ಇಲ್ಲ?

ಪ್ಯಾರಿಸ್ಸಿಗೆ ಹೋಗುವವರೂ ಈ ಎರಡು ಪ್ರಶ್ನೆ ಒಯ್ಯಬಹುದು. ‘ನೋಡಲೇಬೇಕಾದ ಹತ್ತು ಜಾಗ’ ಬರೆದವನು ಯಾರಿಗೆ ಏನು ಮಾರುತ್ತಿದ್ದಾನೆ? ನಮ್ಮ ಟೀಮಿನ ಸೀನಿಯರ್ ‘ಅಲ್ಲಿನ ಜನ ಹಂಗೆ, ಮೂಡಿಗಳು’ ಅಂತ ಹೇಳೋದು ಅವನು ಕಂಡದ್ದೋ, ಅವನಿಗಿಂತ ಮುಂಚೆ ಹೋದವನು ಹೇಳಿದ್ದೋ?

ಅಭ್ಯಾಸಕ್ಕೆ ಗಂಜಾಂ ಸಾಕು, ವೀಸಾ ಬೇಕಿಲ್ಲ. ಮುಂದಿನ ಸಲ ಮೈಸೂರು ರಸ್ತೆಯಲ್ಲಿ ಹೋಗುವಾಗ ಅರ್ಧ ದಿನ ಇಟ್ಟುಕೊಳ್ಳಿ. ಗುಂಬಜ್, ನಿಮಿಷಾಂಬ, ಸಂಗಮ ಹೇಗೂ ನೋಡುತ್ತೀರಿ. ಅವುಗಳ ನಡುವೆ ಬೀದಿಯಲ್ಲಿ ಇಳಿದು ನಡೆಯಿರಿ. ದುಬ್ವಾನ ಚರ್ಚ್ ಎಲ್ಲಿ ಅಂತ ಕೇಳಿ. ದಾರಿ ತೋರಿಸುವವರನ್ನು ಎರಡು ನಿಮಿಷ ಮಾತಾಡಿಸಿ, ನಿಮ್ಮ ಹಿರೀಕರು ಮೂಲ ಎಲ್ಲಿಯವರು ಅಂತ ವಿಚಾರಿಸಿ. ಯಾರಾದರೂ ಒಬ್ಬರು ಶಿರಾ ಅಂದರೆ, ಕೂತು ಪೂರ್ತಿ ಕೇಳಿಸಿಕೊಂಡು ಬರೆದುಕೊಳ್ಳಿ.